ಬಾಗಿಲಲ್ಲಿ ತೂಗಿದ ಒಡಕು ಗಂಟೆಗಳು

“ಗುರುಗಳೇ, ನನ್ನ ಅಡುಗೆಮನೆಯಿಂದ ಆರು ವರ್ಷದಲ್ಲಿ ಒಂದು ದೂರೂ ಬಂದಿಲ್ಲ. ಕಲ್ಲಯ್ಯನ ಅಡುಗೆಮನೆಯಲ್ಲಿ ದಿನಕ್ಕೊಂದು ತಪ್ಪು. ಒಂದು ದಿನ ಅನ್ನ ತಳ ಹಿಡಿಯಿತು, ಇನ್ನೊಂದು ದಿನ ಬೇಳೆ ಬೇಯಲಿಲ್ಲ ಎಂದು ಅವನೇ ಬಂದು ನಿಮಗೆ ಹೇಳುತ್ತಾನೆ. ಆದರೂ ಇಡೀ ದಾಸೋಹವನ್ನು ಅವನ ಕೈಗೆ ಕೊಟ್ಟಿರಲ್ಲ, ಏಕೆ?”

ಕೇಳಿದವನು ಮಠದ ಎರಡು ಅಡುಗೆಮನೆಗಳಲ್ಲಿ ಒಂದನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ, ರೇವಣ್ಣ. ಅವನಿಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಡಲೂ ಅವನಿಗೆ ಬರುತ್ತಿರಲಿಲ್ಲ. ಗುರುಗಳು ಅವನನ್ನು ಕೂರಿಸಿಕೊಂಡು ಕತೆ ಶುರು ಮಾಡಿದರು.

“ಒಂದೂರಲ್ಲಿ ಅಕ್ಕಪಕ್ಕದಲ್ಲೇ ಇಬ್ಬರು ಕಂಚುಗಾರರಿದ್ದರು. ಇಬ್ಬರೂ ಗಂಟೆ ಎರಕ ಹೊಯ್ಯುವವರು. ಒಬ್ಬನ ಗಂಟೆ ಹೇಗಿತ್ತೋ ಹಾಗೇ ಇತ್ತು. ಪಕ್ಕದವನ ಗಂಟೆಯ ನಾದ ಮಾತ್ರ ವರ್ಷದಿಂದ ವರ್ಷಕ್ಕೆ ಇಂಪಾಗುತ್ತಾ ಹೋಯಿತು. ಪಕ್ಕದಲ್ಲಿ ಗಂಟೆ ಬಾರಿಸಿ ನೋಡಿದಾಗಲೆಲ್ಲ ಇವನಿಗೆ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದು ಹೆಂಡತಿ ಹೆದರುತ್ತಿದ್ದಳು, ಪಾಪ.

ಒಂದು ದಿನ ಏನೋ ನೆಪ ಮಾಡಿಕೊಂಡು ಪಕ್ಕದವನ ಎರಕದ ಮನೆಗೆ ಹೋದ. ಬಾಗಿಲಲ್ಲೇ ಸಾಲಾಗಿ ಒಡಕು ಗಂಟೆಗಳನ್ನು ತೂಗುಹಾಕಿದ್ದರು. ‘ಇದೇನಿದು?’ ಎಂದ.

‘ಕೆಟ್ಟುಹೋದವು. ಬೆಳಗ್ಗೆ ಕೆಲಸಕ್ಕೆ ಮೊದಲು ಎಲ್ಲರೂ ಇವುಗಳ ಮುಂದೆ ನಿಂತು ನೋಡ್ತೀವಿ. ಯಾಕೆ ಕೆಟ್ಟಿತು ಅಂತ ಗೊತ್ತಾದ ಮೇಲೇ ಕರಗಿಸೋದು.’

‘ಕೆಟ್ಟುಹೋದವು’ ಎಂಬುದರ ಮುಂದಿನ ಮಾತು ಇವನ ಕಿವಿಗೇ ಬೀಳಲಿಲ್ಲ. ಹಿಗ್ಗೋ ಹಿಗ್ಗು. ಆಗ ಊರಿನ ದೇವಸ್ಥಾನಕ್ಕೆ ದೊಡ್ಡ ಗಂಟೆ ಮಾಡಿಸುವ ಮಾತು ನಡೆದಿತ್ತು. ಇವನು ನೇರ ಹಿರಿಯರ ಬಳಿ ಹೋಗಿ, ಅವನ ಮನೆ ತುಂಬ ಒಡಕು ಗಂಟೆ, ನನ್ನಲ್ಲಿ ಒಂದಿದ್ದರೆ ತೋರಿಸಿ ಎಂದ. ಹಿರಿಯರು ಎರಡೂ ಮನೆ ನೋಡಿ ಬಂದರು. ಇವನ ಮನೆಯಲ್ಲಿ ಒಂದೂ ಇರಲಿಲ್ಲ. ಕೆಲಸ ಇವನಿಗೇ ಸಿಕ್ಕಿತು.

ಇವನು ಸುಳ್ಳು ಹೇಳಿದ ಎಂದುಕೊಳ್ಳಬೇಡ. ಇವನ ಬೈಗುಳಕ್ಕೆ ಹೆದರಿ ಕೆಲಸಗಾರರು ಒಡೆದ ಗಂಟೆಯನ್ನು ಇವನು ಬರುವ ಮೊದಲೇ ಕುಲುಮೆಗೆ ಹಾಕಿಬಿಡುತ್ತಿದ್ದರು. ಅದು ಇವನಿಗೆ ಗೊತ್ತೇ ಇರಲಿಲ್ಲ.

ದೊಡ್ಡ ಗಂಟೆಯ ಎರಕವಾಯಿತು. ಅದನ್ನು ಬಾರಿಸುವ ದಿನ ಊರೆಲ್ಲ ಸೇರಿತು. ಮೊದಲ ಪೆಟ್ಟಿಗೇ ಅದು ಮೇಲಿಂದ ಅಂಚಿನವರೆಗೆ ಬಿರುಕು ಬಿಟ್ಟಿತು. ಪಕ್ಕದವನೂ ಅಲ್ಲೇ ನಿಂತಿದ್ದ. ಗಂಟೆ ಹೋದದ್ದಕ್ಕಿಂತ ಅವನೆದುರು ಹೋಯಿತಲ್ಲ ಎಂಬುದೇ ಇವನ ಸಂಕಟ. ಮನೆಗೆ ಬಂದವನೇ ಹಳೆಯ ಕೆಲಸಗಾರನನ್ನು ಹಿಡಿದು ನಿಲ್ಲಿಸಿದ.

‘ಏನಾಯ್ತೋ ಅದಕ್ಕೆ?’

‘ಮಣ್ಣಿನ ಅಚ್ಚು ಒಳಗೆ ಇನ್ನೂ ಹಸಿ ಇತ್ತು ಯಜಮಾನ್ರೇ. ಹೊಯ್ಯೋ ಮೊದಲೇ ನಮಗೆಲ್ಲ ಗೊತ್ತಿತ್ತು.’

‘ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?’

‘ಹೋದ ಸಲ ಬಾಯಿ ಬಿಟ್ಟವನನ್ನ ನೀವೇ ಓಡಿಸಿದ್ರಿ. ಅವನೀಗ ಪಕ್ಕದ ಮನೇಲಿ ಅಚ್ಚು ಮಾಡ್ತಾನೆ.’”

ಗುರುಗಳು ಅಲ್ಲಿಗೆ ನಿಲ್ಲಿಸಿದರು. ರೇವಣ್ಣ ನಕ್ಕ.

“ಶುದ್ಧ ಪೆದ್ದ ಆ ಕಂಚುಗಾರ,” ಎಂದ.

“ಇರಬಹುದು. ನಿನ್ನ ಅಡುಗೆಮನೆ ಬಿಟ್ಟುಹೋದ ಮೂವರು ಈಗ ಎಲ್ಲಿ ಅಡುಗೆ ಮಾಡುತ್ತಿದ್ದಾರೆ?”