ಮುರಿದ ಶಾಸನದ ಪಾಠ

“ಗುರುಗಳೇ, ವಿಶ್ವವಿದ್ಯಾಲಯದ ನನ್ನ ಪಾಠಗಳನ್ನೆಲ್ಲ ಈ ವರ್ಷ ಕತೆಯ ಕಟ್ಟಿನಲ್ಲಿ ಕೂರಿಸಿದೆ. ಆರಂಭ, ತೊಡಕು, ಪರಿಹಾರ, ಎಲ್ಲವೂ ಹದಿನಾರು ವಾರಕ್ಕೆ ಸರಿಯಾಗಿ ಹೊಂದಿವೆ. ಆದರೂ ವಿದ್ಯಾರ್ಥಿಗಳ ಮುಖದಲ್ಲಿ ಕಲಿಯುವ ಆಸೆಯೇ ಇಲ್ಲ. ಏಕೆ?” ಎಂದು ಶಿಷ್ಯ ಮಹಾಬಲೇಶ ಕೇಳಿದ.

ಗುರುಗಳು ನಕ್ಕರು. “ಕತೆ ಕಟ್ಟುವವನಿಗೆ ನಾನೊಂದು ಕತೆ ಹೇಳಬೇಕಾಯಿತಲ್ಲ! ಕೇಳು” ಎಂದರು.

ಒಬ್ಬ ಮೇಷ್ಟರಿದ್ದರು. ಹಳೆಯ ಶಾಸನ ಓದುವುದನ್ನು ಕಲಿಸುತ್ತಿದ್ದರು. ಅರಸರ ಕಾಲಕ್ರಮದಲ್ಲೇ ಪಾಠ ನಡೆಯಬೇಕು, ಒಂದಕ್ಷರ ಆಚೀಚೆ ಆಗುವಂತಿಲ್ಲ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು, ಆಕಳಿಸುತ್ತಿದ್ದರು, ಗಂಟೆ ಹೊಡೆದದ್ದೇ ತಡ ಎದ್ದು ಹೋಗುತ್ತಿದ್ದರು. ಒಬ್ಬರಾದರೂ ಹಿಂದೆ ಉಳಿದು ಏನಾದರೂ ಕೇಳಬಾರದೇ ಎಂದು ಮೇಷ್ಟರ ಜೀವ ಹಾತೊರೆಯುತ್ತಿತ್ತು. ಪಾಪ, ಖಾಲಿ ಬೆಂಚುಗಳನ್ನು ನೋಡಿಕೊಂಡು ಬಾಗಿಲು ಹಾಕುತ್ತಿದ್ದರು.

ಅವರ ಬಳಿ ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಒಂದು ಶಾಸನದ ಪಡಿಯಚ್ಚು ಇತ್ತು. ಅದನ್ನು ಮಾತ್ರ ತರಗತಿಗೆ ತಂದವರಲ್ಲ. ಕೆರೆ ಕಟ್ಟಿಸಿದ ಒಬ್ಬ ತಾಯಿಯ ಮಾತು ಅದರಲ್ಲಿತ್ತು: ‘ದಂಡಿಗೆ ಹೋದ ನನ್ನ ಮಗ...’ ಅಷ್ಟಕ್ಕೇ ಕಲ್ಲು ಮುರಿದಿತ್ತು. ಮಗ ಮರಳಿದನೋ ಇಲ್ಲವೋ? ಉಳಿದ ತುಂಡಿಗಾಗಿ ಮೂವತ್ತು ವರ್ಷ ಊರೂರು ಅಲೆದಿದ್ದರು. ಸಿಕ್ಕಿರಲಿಲ್ಲ. ಪೂರ್ತಿ ಓದಲಾಗದ್ದನ್ನು ಪಾಠ ಮಾಡುವುದು ತಮಗೆ ಅವಮಾನ ಎಂದು ಅದನ್ನು ಬೀರುವಿನಲ್ಲೇ ಇಟ್ಟಿದ್ದರು.

ಒಂದು ದಿನ ಬೇರೆ ಪಡಿಯಚ್ಚುಗಳ ಸುರುಳಿಯೊಳಗೆ ಅದೂ ಸೇರಿಕೊಂಡು ತರಗತಿಗೆ ಬಂತು. ಅಯ್ಯೋ ಎಂದು ಮೇಷ್ಟರು ಕೈ ಚಾಚುವಷ್ಟರಲ್ಲಿ ಒಬ್ಬ ಹುಡುಗಿ ಅಕ್ಷರ ಕೂಡಿಸಿಕೊಂಡು ಓದತೊಡಗಿದ್ದಳು. ಮುರಿದ ಕಡೆ ನಿಂತಳು.

“ಆಮೇಲೆ ಏನಾಯ್ತು, ಸರ್?”

“ಗೊತ್ತಿಲ್ಲಮ್ಮ” ಎಂದರು ಮೇಷ್ಟರು. “ಸಾಯುವುದರೊಳಗೆ ತಿಳಿಯಬೇಕು ಅಂತ ಆಸೆ.”

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಭಾನುವಾರ ಇಡೀ ತರಗತಿ ಮೇಷ್ಟರ ಜೊತೆ ಆ ಕೆರೆಯ ಏರಿಯ ಮೇಲಿತ್ತು. ಆ ತುಂಡಿಗಾಗಿ ಸುತ್ತಲಿನ ಊರುಗಳ ಕಲ್ಲುಗಳನ್ನೆಲ್ಲ ಓದುತ್ತ ಓದುತ್ತ ಅವರು ಎಲ್ಲ ಅರಸರ ಕಾಲದ ಅಕ್ಷರಗಳನ್ನೂ ಕಲಿತುಬಿಟ್ಟರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಹಾಬಲೇಶನಿಗೆ ತಡೆಯಲಾಗಲಿಲ್ಲ.

“ತುಂಡು ಸಿಕ್ಕಿತೇ, ಗುರುಗಳೇ? ಮಗ ಬಂದನೇ?”

ಗುರುಗಳು ಅವನನ್ನೇ ನೋಡಿ ಹೇಳಿದರು: “ನೀನು ಹುಡುಕುತ್ತಿರುವುದು ಏನೆಂದು ನಿನ್ನ ವಿದ್ಯಾರ್ಥಿಗಳಿಗೆ ಒಂದು ದಿನವಾದರೂ ಹೇಳಿದ್ದೀಯೇನಪ್ಪಾ?”