ಬಟ್ಟೆ ಕಟ್ಟಿದ ಸೌತೆಕಾಯಿ

ನಾಗಮಲ್ಲಪ್ಪ ಒಳ್ಳೆಯ ಮನುಷ್ಯ. ಊರಿನಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಅವನ ಕಷ್ಟ ಒಂದೇ: ‘ಇಲ್ಲ’ ಎನ್ನುವ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ತಾನೇ ಏಣಿ ಹತ್ತಿ ನಿಂತಿರುವಾಗ ಯಾರಾದರೂ ಬಂದು ಏಣಿ ಕೇಳಿದರೆ, ಇಳಿದು ಕೊಟ್ಟುಬಿಡುವ ಪೈಕಿ.

ಚಾಮರಾಜನಗರದ ಕಡೆ ಅವನಿಗೂ ಅವನ ಹೆಂಡತಿ ದಾಕ್ಷಾಯಿಣಿಗೂ ಒಂದು ಚಿಕ್ಕ ತೋಟವಿತ್ತು. ಬೆಳೆದ ತರಕಾರಿಯನ್ನು ಅವರು ಮಂಡಿಗೆ ಹಾಕುತ್ತಿರಲಿಲ್ಲ. ಮೈಸೂರಿನ ಒಂದಷ್ಟು ಮನೆಯವರು ಹಂಗಾಮು ಶುರುವಾಗುವಾಗಲೇ ಹಣ ಕಟ್ಟಿ ಸೇರಿಕೊಳ್ಳುತ್ತಿದ್ದರು. ಪ್ರತಿ ಶನಿವಾರ ಅವರ ಮನೆಗೆ ಒಂದೊಂದು ಬುಟ್ಟಿ ಹೋಗುತ್ತಿತ್ತು. ಆ ವಾರ ನೆಲ ಏನು ಕೊಟ್ಟಿತೋ ಅದು ಬುಟ್ಟಿಯಲ್ಲಿ. ಬೆಂಡೆ ಬಂದರೆ ಬೆಂಡೆ, ಬರೀ ಸೊಪ್ಪು ಬಂದರೆ ಸೊಪ್ಪು. ಒಪ್ಪಂದವೇ ಹಾಗಿತ್ತು.

ಆ ಬುಟ್ಟಿಗಳಿಗೆ ಹೆಸರು ತಂದಿದ್ದು ಒಂದು ಬಿಳಿ ಸೌತೆಕಾಯಿ. ಸಿಪ್ಪೆ ತೆಳು, ಕಹಿ ಎಂಬುದೇ ಇಲ್ಲ. ದಾಕ್ಷಾಯಿಣಿ ಮದುವೆಯಾಗಿ ಬರುವಾಗ ಅವಳ ತಾಯಿ ಮಡಿಲಕ್ಕಿಯ ಜೊತೆ ಆ ಬೀಜವನ್ನು ಗಂಟು ಕಟ್ಟಿ ಕೊಟ್ಟಿದ್ದಳು. ತಾಯಿ ಈಗಿಲ್ಲ. ತವರಿನ ಹೊಲದಲ್ಲಿ ಅಣ್ಣಂದಿರು ಬಾಳೆ ಹಾಕಿಕೊಂಡಿದ್ದರು. ಆ ಸೌತೆ ಉಳಿದಿದ್ದುದು ಈ ತೋಟದಲ್ಲಿ ಮಾತ್ರ.

ಪ್ರತಿ ವರ್ಷ ದಾಕ್ಷಾಯಿಣಿ ಒಳ್ಳೆಯ ಬಳ್ಳಿಯ ಒಳ್ಳೆಯ ಕಾಯಿಗಳನ್ನು ಆರಿಸಿ, ತೊಟ್ಟಿಗೆ ಒಂದು ಚೂರು ಕೆಂಪು ಬಟ್ಟೆ ಕಟ್ಟುತ್ತಿದ್ದಳು. ಬಟ್ಟೆ ಕಟ್ಟಿದ ಕಾಯಿ ಬೀಜಕ್ಕೆ. ಅದು ಬಳ್ಳಿಯಲ್ಲೇ ಹಳದಿಯಾಗಿ ಹಣ್ಣಾಗಬೇಕು. ಅಲ್ಲಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ, ದೇವರ ನೈವೇದ್ಯಕ್ಕೂ ಇಲ್ಲ.

ಆ ವರ್ಷ ಮೊದಲ ಬಿತ್ತನೆ ಬಿಸಿಲಿಗೆ ಸುಟ್ಟುಹೋಯಿತು. ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಸುರಿದು ಮತ್ತೆ ಬಿತ್ತಿದರು. ಎದ್ದದ್ದು ಕೆಲವೇ ಬಳ್ಳಿ. ದಾಕ್ಷಾಯಿಣಿ ಎರಡು ಕಾಯಿಗೆ ಬಟ್ಟೆ ಕಟ್ಟಿ, ತಂಗಿಯ ಬಾಣಂತನಕ್ಕೆಂದು ಊರಿಗೆ ಹೋದಳು. ಹೋಗುವಾಗ ಆ ಕಾಯಿಗಳ ಬಗ್ಗೆ ಗಂಡನಿಗೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವಳಿಗೆ ಹೊಳೆಯಲೇ ಇಲ್ಲ.

ಇತ್ತ ನಾಗಮಲ್ಲಪ್ಪ ಉತ್ಸಾಹದಲ್ಲಿ, ಈ ವಾರ ಎಲ್ಲರಿಗೂ ಬಿಳಿ ಸೌತೆ ಬರುತ್ತದೆ ಎಂದು ಮನೆಮನೆಗೂ ಫೋನಿನಲ್ಲಿ ಸುದ್ದಿ ಕಳಿಸಿಬಿಟ್ಟ. ಶನಿವಾರ ಬೆಳಿಗ್ಗೆ ಕೊಯ್ದು ಹಂಚಿ ನೋಡಿದರೆ ಎರಡು ಬುಟ್ಟಿಗೆ ಸೌತೆ ಇಲ್ಲ. ಬಳ್ಳಿಯ ಸಾಲಿನಲ್ಲಿ ಎಲೆ ಎತ್ತಿ ಎತ್ತಿ ಹುಡುಕಿದ. ಕಂಡದ್ದು ಬಟ್ಟೆ ಕಟ್ಟಿದ ಆ ಎರಡು ಕಾಯಿ.

ಎಲ್ಲರಿಗೂ ಬಂದು ತಮಗೊಬ್ಬರಿಗೇ ಬರಲಿಲ್ಲ ಎಂದರೆ ಆ ಮನೆಯವರು ಏನೆಂದುಕೊಂಡಾರು? ಬಳ್ಳಿ ಇನ್ನೂ ಹಸಿರಾಗಿದೆ, ಬೀಜಕ್ಕೆ ಮುಂದಿನ ಕಾಯಿ ಬಿಟ್ಟರಾಯಿತು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು, ಬಟ್ಟೆ ಬಿಚ್ಚಿ, ಎರಡನ್ನೂ ಕೊಯ್ದ. ಆ ದಿನ ಎಲ್ಲ ಬುಟ್ಟಿಗಳೂ ಸಮವಾಗಿ ಹೋದವು.

ದಾಕ್ಷಾಯಿಣಿ ವಾಪಸು ಬಂದವಳೇ ಬಳ್ಳಿಯ ಹತ್ತಿರ ಹೋದಳು. ಖಾಲಿ ತೊಟ್ಟು ನೋಡಿ ಗಂಡನನ್ನು ಕರೆದಳು.

“ಯಾಕ ಕುಯ್ದ್ರಿ?”

“ಎರಡು ಮನಗ ಕಮ್ಮಿ ಬಿದ್ದವು. ಇಲ್ಲ ಅಂತ ಹೆಂಗ ಹೇಳದು?” ಎಂದ ನಾಗಮಲ್ಲಪ್ಪ.

ಅವಳು ಬಯ್ಯಲಿಲ್ಲ. ಎಲೆಯಡಿ ಬೆರಳುದ್ದದ ಒಂದು ಮಿಡಿ ಕಂಡಿತು. “ಹೋಗ್ಲಿ ಬುಡಿ. ಇದೊಂದು ಅದ” ಎಂದು ಅದಕ್ಕೆ ಬಟ್ಟೆ ಕಟ್ಟಿದಳು. ಆ ಮಿಡಿ ಕಾಯಾಗುವ ಹೊತ್ತಿಗೆ ಮಳೆ ಹಿಡಿಯಿತು. ದಿನಗಟ್ಟಲೆ ಬಿಡಲಿಲ್ಲ. ಬುಡದಲ್ಲಿ ನೀರು ನಿಂತು ಬಳ್ಳಿಗಳೆಲ್ಲ ಕೊಳೆತವು, ಕಾಯಿಯೂ ಎಳೆಯದರಲ್ಲೇ ಕೊಳೆಯಿತು. ಮೊದಲಿನ ಎರಡು ಕಾಯಿಗಳನ್ನು ಬಿಟ್ಟಿದ್ದರೆ ಮಳೆಗೆ ಮುಂಚೆಯೇ ಅವು ಹಣ್ಣಾಗಿ ಮನೆ ಸೇರಿರುತ್ತಿದ್ದವು.

ದಾಕ್ಷಾಯಿಣಿ ಕೊಳೆತ ಬಳ್ಳಿಯ ಮುಂದೆ ಕೂತು ಅತ್ತಳು. “ನಮ್ಮವ್ವ ಹೋದಾಗ ಇಷ್ಟು ಅತ್ತಿರ್ನಿಲ್ಲ. ಅವ್ವ ಈ ಬಳ್ಳೀಲಿ ಇದ್ದಾಳಲ್ಲ ಅಂದ್ಕಂಡಿದ್ದೆ” ಎಂದಳು. ನಾಗಮಲ್ಲಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಂದೆರಡು ಬೀಜವಾದರೂ ಉಳಿದಿರಬಹುದೇನೋ ಎಂಬ ಆಸೆಯಿಂದ ಅವನು ಮೈಸೂರಿನ ಆ ಎರಡು ಮನೆಗಳಿಗೆ ಹೋದ. ಮೊದಲ ಮನೆಯವರು ಬುಟ್ಟಿ ಬಂದ ಮರುದಿನವೇ ಪರಊರಿಗೆ ಹೋಗಿದ್ದರು. ಸೌತೆ ಫ್ರಿಜ್ಜಿನಲ್ಲೇ ಕೆಟ್ಟು, ಕಸಕ್ಕೆ ಹೋಗಿತ್ತು. ಎರಡನೆಯ ಮನೆಯಲ್ಲಿ ವಾಗ್ದೇವಿ ಎಂಬ ಹಿರಿಯ ಹೆಂಗಸು ಅವನನ್ನು ಒಳಗೆ ಕರೆದು ಕೂರಿಸಿ, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

“ಅವತ್ತೇ ಕೋಸಂಬರಿ ಮಾಡಿಬಿಟ್ವಲ್ಲ ನಾಗಮಲ್ಲಪ್ಪನವರೇ” ಎಂದಳು. ಅವಳ ದನಿ ತಗ್ಗಿತು. “ಬೀಜದ ಕಾಯಿ ಅಂತ ಒಂದು ಮಾತು ಹೇಳಿದ್ರೆ ನಾವೇ ಬೇಡ ಅಂತಿದ್ವಿ. ನೆಲ ಕೊಟ್ಟಷ್ಟು ಸಾಕು ಅಂತ ತಾನೇ ನಾವು ನಿಮ್ಮ ಹತ್ರ ಸೇರಿದ್ದು? ನೀವು ಇಲ್ಲ ಅಂದಿದ್ರೆ ಯಾರು ಬೇಜಾರು ಮಾಡ್ಕೋತಿದ್ರು?”

ಯಾರ ಬೇಸರಕ್ಕೆ ಹೆದರಿ ಅವನು ಆ ಕಾಯಿ ಕೊಯ್ದಿದ್ದನೋ, ಆ ಬೇಸರ ಯಾವ ಮನೆಯಲ್ಲೂ ಇರಲಿಲ್ಲ.

ಮುಂದಿನ ಹಂಗಾಮು ಬಂತು. ಬುಟ್ಟಿಗಳ ಜೊತೆ ನಾಗಮಲ್ಲಪ್ಪ ತಾನೇ ಮನೆಮನೆಗೆ ಹೋದ. “ಬಿಳಿ ಸೌತೆ ಯಾವಾಗ ಕೊಡ್ತೀರಿ?” ಎಂದು ಒಬ್ಬೊಬ್ಬರೂ ಆಸೆಯಿಂದ ಕೇಳಿದರು.

“ಇಲ್ಲಮ್ಮ” ಎಂದ ನಾಗಮಲ್ಲಪ್ಪ. “ಇನ್ನು ಯಾವತ್ತೂ ಇಲ್ಲ.”

ಎರಡು ಮನೆಗೆ ಒಂದು ವಾರದ ಮಟ್ಟಿಗೆ ಹೇಳಲಾರದೆ ಹೋದ ಮಾತನ್ನು ಅವನು ಎಲ್ಲ ಮನೆಗಳ ಬಾಗಿಲಲ್ಲೂ ನಿಂತು ಹೇಳಿದ. ಸಂಜೆ ಮನೆಗೆ ಬಂದ ಮೇಲೆ, ಅದನ್ನು ಹೇಳಿ ಬಂದೆ ಎಂದು ಹೆಂಡತಿಗೂ ಹೇಳಬೇಕಾಯಿತು.

ನೀತಿ: ನಾಳೆಗೆಂದು ಉಳಿಸಿದ್ದನ್ನು ಇಂದಿನ ಒಳ್ಳೆಯ ಹೆಸರಿಗಾಗಿ ಕೊಟ್ಟುಬಿಡುವುದು ಔದಾರ್ಯವಲ್ಲ. ‘ಇಲ್ಲ’ ಎನ್ನಬೇಕಾದ ಹೊತ್ತಿನಲ್ಲಿ ಧೈರ್ಯವಾಗಿ ‘ಇಲ್ಲ’ ಎನ್ನಿ. ನಿಮ್ಮನ್ನು ನಂಬಿದವರು ಅದನ್ನು ಅರ್ಥ ಮಾಡಿಕೊಳ್ಳುತ್ತಾರೆ.