ಹದಿನೆಂಟು ಆಮೆನ್

ಹತ್ತಿರ ಸರಿದು ಕೂಡ್ರು. ಬಾಗಿಲು ಮುಂದಕ್ಕೆ ಮಾಡು. ಇದು ನಿನ್ನ ಕಿವಿ ದಾಟಬಾರದು. ಇಷ್ಟು ದಿನ ಓಣಿಯವರ ಸುದ್ದಿ ಹೇಳಿದೆ. ಇವತ್ತಿನದು ನನ್ನದೇ.

ಗೋಡೆಯಾಚೆ ಮನೆಯ ಲೋಯಿಸ್ ಅಕ್ಕೋರು ಗೊತ್ತಲ್ಲ, ನಮ್ಮ ಚರ್ಚಿನ ಹೆಂಗಸರಿಗೆ ಬೈಬಲ್ ಹೇಳಿಕೊಡುವವರು? ಅರವತ್ತಕ್ಕೆ ನಾನು ಅಕ್ಷರ ಕಲಿತದ್ದು ಅವರ ಕಟ್ಟೆಯ ಮೇಲೆ. ನಂಬಿದವರೆಲ್ಲ ಒಂದೇ ಮನೆಯವರು ಅಂತ ಕಲಿತದ್ದೂ ಅಲ್ಲೇ. ಅಕ್ಷರ ತಲೆಗೆ ಹತ್ತಿತು.

ಹಿಂದಿನ ಸಾಲಿನ ಮನೆಯ ದೀನಮ್ಮ, ನಮ್ಮ ಚರ್ಚಿನಾಕೆಯೇ, ಒಂದು ಮಧ್ಯಾಹ್ನ ಬಂದು ನನ್ನ ಮುಂದೆ ಅತ್ತಳು. ಗಂಡ ಇನ್ನೊಬ್ಬಾಕೆಯ ಮನೆ ಸೇರಿ ಎರಡು ತಿಂಗಳು. ಎರಡು ಕೂಸು. ಒಲೆ ಹೊತ್ತಿಸಿ ಎರಡು ದಿನ.

"ಯಾರ ಮುಂದೂ ಅನ್ನಬ್ಯಾಡ ಎಸ್ತೇರಕ್ಕಾ."

ಯಾರ ಮುಂದೂ ಅನ್ನಲಿಲ್ಲ. ದೇವರ ಮುಂದೆ ಅಂದೆ. ಶುಕ್ರವಾರ, ಹೆಂಗಸರ ಪ್ರಾರ್ಥನಾಕೂಟದಲ್ಲಿ, ಕಣ್ಣು ಮುಚ್ಚಿ, ದನಿ ಎತ್ತಿ.

"ಕರ್ತನೇ, ಹಸಿದ ನಮ್ಮ ಸಹೋದರಿ ದೀನಮ್ಮನನ್ನು ಕರುಣಿಸು. ಆಕೆಯ ಗಂಡನನ್ನು ಆ ಬಳೆ ಅಂಗಡಿಯಾಕೆಯ ಮನೆಯಿಂದ ಬಿಡಿಸು."

ಹದಿನೆಂಟು ಹೆಂಗಸರು ಆಮೆನ್ ಅಂದರು.

ಆಮೇಲೆ ಚಹಾ ಬಂತು. ಬಳೆ ಅಂಗಡಿಯಾಕೆ ಕಪ್ಪೋ ಕೆಂಪೋ ಅಂತ ಮಾತು ಬೆಳೆಯಿತು. ಅಷ್ಟು ರುಚಿಯಾದ ಚಹಾ ನಾನು ಕುಡಿದಿಲ್ಲ, ಸುಳ್ಳು ಯಾಕೆ ಹೇಳಲಿ.

ದೀನಮ್ಮನ ಮನೆಗೆ ಮಾತ್ರ ಯಾರೂ ಹೋಗಲಿಲ್ಲ. ಅವಳೂ ಚರ್ಚಿಗೆ ಬರುವುದು ಬಿಟ್ಟಳು.

ಅಕ್ಕೋರು ಆ ವಾರ ತಮ್ಮನ ಊರಿಗೆ ಹೋಗಿದ್ದರು. ಬಂದ ದಿನವೇ ಕೇಳಿದೆ.

"ಅಕ್ಕೋರ, ಅಷ್ಟು ಬೇಡಿಕೊಂಡೆ. ದೇವರು ಯಾಕ ಕೇಳವಲ್ಲ?"

"ಕೇಳ್ಯಾನ. ಓಣಿನೂ ಕೇಳೇತಿ. ನೀ ಆಕಿ ಮನಿಗೆ ಹೋಗಿದ್ದೇನು?"

"ಅಂಥಾ ಮನಿಗೆ ಹೋದ್ರ ಮಂದಿ ಏನಂತಾರ?"

"ಮಂದಿಗೆ ಹೇಳಿದಾಕಿ ಯಾರು?"

ಅವರು ಗಂಜಿ ಕಾಸಿ, ಪಾತ್ರೆ ನನ್ನ ಕೈಗೇ ಕೊಟ್ಟು, ಮುಂದೆ ನಡೆದರು.

ದೀನಮ್ಮ ಬಾಗಿಲನ್ನು ಅಂಗೈಯಗಲ ತೆರೆದಳು. ಅಕ್ಕೋರನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು.

"ಗಂಜಿ ಕುಡಿದ್ಲು ಅಂತ ಈ ಶುಕ್ರವಾರ ಹೇಳ್ತೀ ಏನಕ್ಕಾ?"

ಬಾಗಿಲು ಮುಚ್ಚಿತು. ಗಂಜಿ ಇದ್ದ ಹಾಗೇ ತಿರುಗಿ ಬಂತು.

ಗುರುವಾರ ಆ ಮನೆಗೆ ಬೀಗ. ಕೂಸುಗಳನ್ನು ಕರಕೊಂಡು ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದು. ನನಗೂ ತಿಳಿಯದು ಅಂದರೆ ನೋಡು.

ಮರುದಿನ ಕೂಟದಲ್ಲಿ ಮೊಣಕಾಲೂರಿದೆ. ಈ ಸಲ ನಿಜವಾಗಿಯೂ ಅಳು ಬಂದಿತ್ತು.

"ಕರ್ತನೇ, ದೀನಮ್ಮ ಹೋದ ಊರಲ್ಲಿ ಆಕೆಗೆ..."

ಅಕ್ಕೋರು ಎದ್ದು ಬಂದು ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟರು. ಎಲ್ಲರೂ ಕಣ್ಣು ಬಿಟ್ಟರು.

ಕೈ ಸರಿಸಿ ಕೇಳಿದೆ, "ಮತ್ತೇನು ಬೇಡಲಿ ಅಕ್ಕೋರ?"

ಅವರು ನನ್ನ ಮುಖ ನೋಡಿ ಹೇಳಿದರು.

"ಇಲ್ಲಿ ಆಕಿಗೆ ಹದಿನೆಂಟು ಮಂದಿ ಅಕ್ಕತಂಗ್ಯಾರಿದ್ರು. ಹೋದ ಊರಾಗ ಒಬ್ಬಾಕಿನೂ ಇರದಿರಲಿ ಅಂತ ಬೇಡು."